ಬಿ ಸೈಡ್ ಕೇಳೋಕೆ ಇಷ್ಟು ವರ್ಷ ಬೇಕಾಯ್ತು

ಹಳೇ ರಾಕ್ ಆಲ್ಬಮ್‌ಗಳನ್ನು ಮತ್ತೆ ಹೊಸದಾಗಿ ಕೇಳಿ, ರೀಮಾಸ್ಟರ್ ಆದವು (ಮೂಲ ಧ್ವನಿಮುದ್ರಣದ ಸದ್ದನ್ನು ತಿದ್ದಿ ಮತ್ತೆ ಬಿಟ್ಟವು) ಸಿಕ್ಕರೆ ಇನ್ನೂ ಒಳ್ಳೇದು ಅಂತ ಬರೆದಿದ್ದೀರಿ. ಮೊದಲನೇ ಮಾತು ನೂರಕ್ಕೆ ನೂರು ನಿಜ ಸರ್. ನನಗೆ ಅದು ಗೊತ್ತಾಗಿದ್ದು ಬ್ರಿಟನ್ನಿನ ರಾಕ್ ಬ್ಯಾಂಡ್ ಲೆಡ್ ಝೆಪ್ಪೆಲಿನ್‌ನ ಮೂರನೇ ಆಲ್ಬಮ್ ಮತ್ತೆ ಕೇಳಿದಾಗ.

ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಓದುವಾಗ ಗೆಳೆಯನ ಹತ್ತಿರ ಅದರ ಕ್ಯಾಸೆಟ್ ಇತ್ತು. ಹಾಸ್ಟೆಲ್‌ನಲ್ಲಿ ‘ಇಮಿಗ್ರಂಟ್ ಸಾಂಗ್’ ಒಂದನ್ನೇ ಜೋರಾಗಿ ಹಾಕೋದು, ಮುಗಿದ ತಕ್ಷಣ ರಿವೈಂಡ್. ಬಿ ಸೈಡ್, ಅಂದ್ರೆ ಕ್ಯಾಸೆಟ್‌ನ ಇನ್ನೊಂದು ಬದಿ ಹಾಕಿದರೆ ‘ಏನೋ ಇದು, ಸಪ್ಪೆ’ ಅಂತ ಎಲ್ಲರೂ ಬೈಯುತ್ತಿದ್ದರು. 1970ರಲ್ಲಿ ಆಲ್ಬಮ್ ಬಂದಾಗ ಎಷ್ಟೋ ವಿಮರ್ಶಕರೂ ಮುಖ ಸಿಂಡರಿಸಿದ್ದರು.

ಮೊನ್ನೆ ವಿದ್ಯಾನಗರದ ಮನೆಯ ಟೆರೇಸ್ ಮೇಲೆ ಹೆಡ್‌ಫೋನ್ ಹಾಕಿಕೊಂಡು ಅದೇ ಬಿ ಸೈಡ್ ಪೂರ್ತಿ ಕೇಳಿದೆ. ‘ಗ್ಯಾಲೋಸ್ ಪೋಲ್’ ಬರೀ ಅಕೌಸ್ಟಿಕ್ ಗಿಟಾರ್‌ನಿಂದ ಮೆಲ್ಲಗೆ ಶುರುವಾಗುತ್ತದೆ. ಮ್ಯಾಂಡೊಲಿನ್ ಸೇರುತ್ತದೆ. ಡ್ರಮ್ಸ್, ಬ್ಯಾಂಜೋ ಬರುವ ಹೊತ್ತಿಗೆ ಹಾಡು ಓಡುತ್ತಿರುತ್ತದೆ, ನಮ್ಮ ಭಜನೆಯಲ್ಲಿ ಕೊನೆಕೊನೆಗೆ ತಾಳ ಏರುತ್ತಲ್ಲ, ಥೇಟ್ ಹಾಗೆ! ‘ಬ್ರಾನ್-ವೈ-ಆರ್ ಸ್ಟಾಂಪ್’ನಲ್ಲಿ ಡ್ರಮ್ಮರ್ ಬಾನಮ್ ಚಮಚ ಬಡಿದಿದ್ದಾನೆ. ಆ ಟಕಟಕ ನಮ್ಮ ಕ್ಯಾಸೆಟ್‌ನಲ್ಲಿ ಕೇಳಿಸಿರಲೇ ಇಲ್ಲ. ಕಾಪಿಯ ಕಾಪಿ ಅದು, ಹಾಡಿಗಿಂತ ಸರ್ರ್ ಅನ್ನೋ ಸದ್ದೇ ಜಾಸ್ತಿ.

ಆದರೆ ಎಲ್ಲಾ ರೀಮಾಸ್ಟರ್‌ನ ಮಹಿಮೆ ಅನ್ನೋದನ್ನು ನಾನು ಒಪ್ಪಲ್ಲ. 2014ರಲ್ಲಿ ಬ್ಯಾಂಡಿನ ಗಿಟಾರಿಸ್ಟ್ ಜಿಮ್ಮಿ ಪೇಜ್ ಅದನ್ನು ಚೆನ್ನಾಗಿಯೇ ಮಾಡಿದ್ದಾರೆ. ಆದರೂ ಅದೇ ಬಿ ಸೈಡಿನ ‘ದಟ್ಸ್ ದ ವೇ’ ನನ್ನನ್ನು ತಟ್ಟಿದ್ದು ಅದಕ್ಕಲ್ಲ. ದೊಡ್ಡವರ ಮಾತಿಗೆ ಗೆಳೆಯನಿಂದ ದೂರವಾಗುವ ಹುಡುಗನ ಹಾಡು ಅದು. ಇಪ್ಪತ್ತರ ವಯಸ್ಸಲ್ಲಿ ನಮಗೆ ಅದೆಲ್ಲಿ ಅರ್ಥ ಆಗಬೇಕು, ಅಲ್ವಾ? ಆ ಕ್ಯಾಸೆಟ್ ಗೆಳೆಯನಿಗೆ ಅವತ್ತು ರಾತ್ರಿಯೇ ಹಾಡು ಕಳಿಸಿದೆ.