ತೆರಿಗೆ ಮನ್ನಾ ಪಡೆದ ಹೂಡಿಕೆ ಕಂಪನಿಗಳಿಗೆ ಸರ್ಕಾರ ಲಗಾಮು ಹಾಕ್ಬೇಕಾ?

ಅಮೆರಿಕದ ಕೆಲವು ರಾಜ್ಯಗಳಲ್ಲಿ ಕ್ಯಾಪ್ಕೋ ಅಂತ ಒಂಥರಾ ಹೂಡಿಕೆ ಕಂಪನಿಗಳಿವೆ, ಪೂರ್ತಿ ಹೆಸರು ಸರ್ಟಿಫೈಡ್ ಕ್ಯಾಪಿಟಲ್ ಕಂಪನಿ. 1983ರಲ್ಲಿ ಲೂಸಿಯಾನದಲ್ಲಿ ಶುರುವಾಗಿದ್ದು, ಆಮೇಲೆ ಮಿಸ್ಸೌರಿ, ನ್ಯೂಯಾರ್ಕ್, ಫ್ಲೋರಿಡಾ, ಕೊಲರಾಡೊ, ಟೆಕ್ಸಾಸ್ ಅಂತ ಹಬ್ತು. ಇನ್ಶೂರೆನ್ಸ್ ಕಂಪನಿಗಳು ಪ್ರೀಮಿಯಂ ಮೇಲೆ ರಾಜ್ಯಕ್ಕೆ ಟ್ಯಾಕ್ಸ್ ಕಟ್ಬೇಕಲ್ಲ, ಅವ್ರು ಕ್ಯಾಪ್ಕೋಗೆ 100 ಡಾಲರ್ ಕೊಟ್ರೆ ಆ ಟ್ಯಾಕ್ಸಲ್ಲಿ ಸಾಮಾನ್ಯವಾಗಿ ವರ್ಷಕ್ಕೆ 10ರಂತೆ ಹತ್ತು ವರ್ಷ ಮನ್ನಾ, ಅಂದ್ರೆ ಪೂರ್ತಿ 100. ಕ್ಯಾಪ್ಕೋ ಆ ದುಡ್ಡನ್ನ ಅದೇ ರಾಜ್ಯದ ಸಣ್ಣ ಉದ್ದಿಮೆಗಳಿಗೆ ಹಾಕ್ಬೇಕು. ತುಂಬಾ ಕಡೆ ಇರೋ ನಿಯಮ ಮೂರು ವರ್ಷದೊಳಗೆ 30 ಪರ್ಸೆಂಟ್, ಐದು ವರ್ಷದೊಳಗೆ 50. ಹೂಡಿಕೆ 100 ಪರ್ಸೆಂಟ್ ಮುಟ್ಟಿದ್ರೆ ಸರ್ಕಾರದ ಹಂಗು ಮುಗೀತು, ಉಳಿದಿದ್ದು ಕ್ಯಾಪ್ಕೋದ್ದು.

ಪರ: ಬಿಗಿ ಮಾಡ್ಲೇಬೇಕು

ಆ 100 ಡಾಲರ್ ಎಲ್ಲೆಲ್ಲಿ ಹೋಗತ್ತೆ ಅಂತ ಒಂದ್ಸಲ ಕೂತು ಲೆಕ್ಕ ಹಾಕಿ. ಇನ್ಶೂರೆನ್ಸ್ ಕಂಪನಿಗೆ ತಾನು ಕೊಟ್ಟ ದುಡ್ಡಿಗೆ ಗ್ಯಾರಂಟಿ ಬೇಕು, ಅದಕ್ಕೆ ಕ್ಯಾಪ್ಕೋ ಮೊದಲೇ ಒಂದು ಪಾಲನ್ನ ಭದ್ರವಾದ ಬಾಂಡಲ್ಲಿ ಇಟ್ಬಿಡತ್ತೆ, 40 ಅಂತ ಇಟ್ಕೊಳ್ಳಿ. ಆಮೇಲೆ ಮ್ಯಾನೇಜ್‌ಮೆಂಟ್ ಫೀಸು, ವರ್ಷಕ್ಕೆ ಎರಡೂವರೆ ಪರ್ಸೆಂಟ್ ಅಂದ್ರೂ ಹತ್ತು ವರ್ಷಕ್ಕೆ 25 ಆಯ್ತು. ಉಳಿದಿದ್ದು 35. ಹಾಗಾದ್ರೆ 100 ಪರ್ಸೆಂಟ್ ಹಾಕಿದೀವಿ ಅಂತ ಹೇಗೆ ತೋರಿಸ್ತಾರೆ? ಸಣ್ಣ ಕಂಪನಿಗೆ ಸಾಲ ಕೊಡೋದು, ಬಡ್ಡಿ ಸಮೇತ ವಸೂಲಿ ಮಾಡೋದು, ಅದೇ ದುಡ್ಡನ್ನ ಇನ್ನೊಬ್ರಿಗೆ ಕೊಟ್ಟು ಮತ್ತೆ ಹೊಸ ಹೂಡಿಕೆ ಅಂತ ಬರ್ಕೊಳ್ಳೋದು. ಕಾನೂನು ಬೇಡ ಅನ್ನದೇ ಇದ್ರೆ ಇದು ತಪ್ಪೂ ಅಲ್ಲ, ಅಲ್ಲೇ ಇರೋದು ತೊಂದರೆ!

ರಿಸ್ಕ್ ಪೂರ್ತಿ ಜನರದ್ದು. ಇನ್ಶೂರೆನ್ಸ್ ಕಂಪನಿಗೆ ಟ್ಯಾಕ್ಸ್ ಉಳೀತು, ಕ್ಯಾಪ್ಕೋಗೆ ಫೀಸು ಬಂತು, ಹೂಡಿಕೆ ಗೆದ್ರೆ ಲಾಭಾನೂ ಬಂತು, ರಾಜ್ಯಕ್ಕೆ ಮಾತ್ರ ಹೆಚ್ಚಿನ ಕಡೆ ಪಾಲೇ ಇಲ್ಲ ಅಥವಾ ಚೂರುಪಾರು. ಕೊಟ್ಟೋನು ಕೋಡಂಗಿ ಇಸ್ಕೊಂಡೋನು ಈರಭದ್ರ ಅಂತಾರಲ್ಲ, ಅದೇ ಇದು. ನ್ಯೂಯಾರ್ಕ್ 1997ರಲ್ಲಿ 10 ಕೋಟಿ ಡಾಲರ್ ತೆರಿಗೆ ಕ್ರೆಡಿಟ್ಟಿಂದ (ಅಂದ್ರೆ ತೆರಿಗೆ ಮನ್ನಾದಿಂದ) ಶುರು ಮಾಡಿ ಮುಂದಿನ ಸುತ್ತುಗಳೆಲ್ಲಾ ಸೇರಿ 40 ಕೋಟಿಗೆ ಹೋಯ್ತು, ಇಷ್ಟು ದುಡ್ಡು ಬಿಟ್ಟುಕೊಡೋ ರಾಜ್ಯ ಪ್ರತಿ ವರ್ಷ ಆಡಿಟ್ ಕೇಳಬಾರದಾ? ಎಷ್ಟು ಕೆಲಸ ಹುಟ್ಟಿತು, ಸಾಲ ಎಷ್ಟು, ಷೇರು ಎಷ್ಟು, ಅದೇ ದುಡ್ಡು ಎಷ್ಟು ಸಲ ತಿರುಗ್ತು ಅಂತ ಬಹಿರಂಗವಾಗಿ ಹೇಳಿಸ್ಬೇಕು, ತಿರುಗಿಸಿದ ದುಡ್ಡನ್ನ ಲೆಕ್ಕದಿಂದ ತೆಗೀಬೇಕು, ಲಾಭದಲ್ಲಿ ಪಾಲು ಕೇಳ್ಬೇಕು. ಶಾಲೆಗೋ ರಸ್ತೆಗೋ ಹೋಗಬೇಕಾಗಿದ್ದ ದುಡ್ಡು ಸ್ವಾಮಿ ಅದು.

ವಿರೋಧ: ಲಗಾಮಿಂದ ಆಗೋ ಕೆಲಸ ಅಲ್ಲ

ಮೇಲಿನ ಲೆಕ್ಕ ನಾನೂ ಒಪ್ತೀನಿ, ಆದ್ರೆ ಅದಕ್ಕೆ ಮದ್ದು ಇನ್ನಷ್ಟು ರೂಲ್ಸು ಅನ್ನೋದನ್ನ ಒಪ್ಪಲ್ಲ. ಈ ಸ್ಕೀಮಲ್ಲಿ ರೂಲ್ಸಿಗೇನೂ ಬರ ಇಲ್ಲ. ಯಾವ ಕಂಪನಿ ಸಣ್ಣದು, ಹೆಡ್ ಆಫೀಸ್ ಎಲ್ಲಿರಬೇಕು, ಎಷ್ಟು ಜನ ಕೆಲಸಕ್ಕಿರಬಹುದು, ವಕೀಲರ ಆಫೀಸಿಗೆ ರಿಯಲ್ ಎಸ್ಟೇಟಿಗೆ ಹಾಕಂಗಿಲ್ಲ, ಎಲ್ಲಾ ಬರೆದಿದೆ. ನೋಡ್ಕೊಳ್ಳೋಕೆ ಟೆಕ್ಸಾಸಲ್ಲಿ ರಾಜ್ಯದ ತೆರಿಗೆ ಲೆಕ್ಕ ನೋಡೋ ಕಂಟ್ರೋಲರ್ ಆಫೀಸು, ಮಿಸ್ಸೌರಿಯಲ್ಲಿ ಆರ್ಥಿಕ ಅಭಿವೃದ್ಧಿ ಇಲಾಖೆ. ಗಡುವು ಬಿಗಿ ಮಾಡಿದಷ್ಟೂ ಕಂಪನಿಗಳು ಬೇಗ ವಾಪಸ್ ಬರೋ ಸಾಲದ ಕಡೆಗೇ ಓಡ್ತವೆ, ಯಾಕಂದ್ರೆ ಗಡುವು ತಪ್ಪಿದ್ರೆ ಕ್ಯಾಪ್ಕೋಗೆ ರಾಜ್ಯ ಕೊಟ್ಟ ಸರ್ಟಿಫಿಕೇಟೇ ಹೋಗಬಹುದು, ಆಗ ಇನ್ಶೂರೆನ್ಸ್ ಕಂಪನಿ ಮನ್ನಾ ಆದ ಟ್ಯಾಕ್ಸನ್ನ ವಾಪಸ್ ಕಟ್ಬೇಕಾಗತ್ತೆ. ಅಂಥ ಭಯ ಇಟ್ಕೊಂಡು ಹತ್ತು ವರ್ಷ ಕಾದು ಹೊಸ ಔಷಧಿ ಹುಡುಕೋ ಲ್ಯಾಬಿಗೆ ಯಾರು ದುಡ್ಡು ಹಾಕ್ತಾರೆ ಹೇಳಿ?

ಇನ್ನೊಂದು, ವೆಂಚರ್ ದುಡ್ಡೆಲ್ಲಾ, ಅಂದ್ರೆ ಹೊಸ ಉದ್ದಿಮೆಗಳಿಗೆ ರಿಸ್ಕ್ ತಗೊಂಡು ಹಾಕೋ ಬಂಡವಾಳ, ಕ್ಯಾಲಿಫೋರ್ನಿಯಾ, ಬೋಸ್ಟನ್ ಕಡೆ ಗುಡ್ಡೆ ಬಿದ್ದಿರತ್ತೆ, ಮಿಸ್ಸೌರಿಯ ಸಣ್ಣ ಊರಲ್ಲಿ ಲೇತ್ ಮಷಿನ್ ಇಟ್ಕೊಂಡಿರೋನ ಹತ್ರ ಯಾರೂ ಹೋಗಲ್ಲ. ಅವನಿಗೆ ಕ್ಯಾಪ್ಕೋ ಸಾಲಾನೇ ಒಂದು ದಾರಿ ಆಗಿರಬಹುದು. ಪೇಪರ್ ಕೆಲಸ ಜಾಸ್ತಿ ಮಾಡಿದ್ರೆ ಲಾಯರ್ ಫೀಸು ಮೊದಲು ಕಡಿಯೋದು ಅವನ ಪಾಲನ್ನೇ. ಒಂದ್ಸಲ ಮಾತು ಕೊಟ್ಟು ಕ್ರೆಡಿಟ್ ಹಂಚಿದ್ಮೇಲೆ ನಡುವೆ ರೂಲ್ ಬದಲಾಯಿಸಿದ್ರೆ ಮುಂದಿನ ಸ್ಕೀಮಿಗೆ ಯಾರು ನಂಬಿ ಬರ್ತಾರೆ?

ಕಟ್ಟಡದ ಪಾಯಾನೇ ಸರಿಯಿಲ್ಲ ಅಂದ್ರೆ ಬೇರೆ ಕಟ್ಟಬೇಕು. ಕೊಲರಾಡೊ 2001ರಲ್ಲಿ ಕ್ಯಾಪ್ಕೋ ಕಾನೂನು ಮಾಡ್ತು, 2004ರಲ್ಲೇ ದಾರಿ ಬದಲಿಸಿ ವೆಂಚರ್ ಕ್ಯಾಪಿಟಲ್ ಅಥಾರಿಟಿ ಅಂತ ಒಂದು ಸಂಸ್ಥೆ ಕಟ್ತು. ಆ ಅಥಾರಿಟಿ ತೆರಿಗೆ ಕ್ರೆಡಿಟ್ಟನ್ನ ಇನ್ಶೂರೆನ್ಸ್ ಕಂಪನಿಗಳಿಗೆ ತಾನೇ ಮಾರಿ, ಬಂದ ದುಡ್ಡನ್ನ ಫಂಡಿಗೆ ಹಾಕ್ತು, ಫಂಡ್ ಗೆದ್ರೆ ಅದರ ಪಾಲು ಅಥಾರಿಟಿಗೇ ವಾಪಸ್ ಬರತ್ತೆ.