ಚಿತ್ರ ಸೊಟ್ಟ, ಭಯ ನೆಟ್ಟಗೆ

ಶಾಲೆಯಲ್ಲಿ ನನಗೆ ಕೈಯ ಚಿತ್ರ ಬರೆಯಲು ಬರುತ್ತಿರಲಿಲ್ಲ. ಐದು ಬೆರಳು ಬರೆಯಲು ಹೋದರೆ ಬಾಳೆಹಣ್ಣಿನ ಚಿಪ್ಪು ಆಗುತ್ತಿತ್ತು. ಅದಕ್ಕೇ ನನ್ನ ಚಿತ್ರದ ಮನುಷ್ಯರೆಲ್ಲ ಕೈ ಹಿಂದೆ ಕಟ್ಟಿಕೊಂಡು ನಿಲ್ಲುತ್ತಿದ್ದರು. ಅಕ್ಟೋಬರ್ 2ಕ್ಕೆ ಬರೆದ ಗಾಂಧೀಜಿ ಎರಡೂ ಕೈಯನ್ನು ಶಾಲಿನ ಒಳಗೆ ಇಟ್ಟುಕೊಂಡಿದ್ದರು. ಕೋಲು ಪಕ್ಕದಲ್ಲಿ ತಾನೇ ನಿಂತಿತ್ತು. ಡ್ರಾಯಿಂಗ್ ಮೇಷ್ಟ್ರು ತುಂಬ ಹೊತ್ತು ನೋಡಿ, "ಚಳಿ ಜಾಸ್ತಿಯಾ ಅವರಿಗೆ?" ಅಂದಿದ್ದರು.

ಇದು ಮತ್ತೆ ನೆನಪಾಗಿದ್ದು ಅಣ್ಣನ ಮಗನಿಂದ. ಬೆಂಗಳೂರಿನಲ್ಲಿ ಓದುತ್ತಾನೆ. ಓದುತ್ತಾನೆ ಅಂತ ನಾವು ಅಂದುಕೊಂಡಿದ್ದೇವೆ. ಹಾಸ್ಟೆಲಿನಲ್ಲಿ ಅವನು ಜಾಸ್ತಿ ಮಾಡುವುದು ಜಪಾನಿನ ಅನಿಮೆ, ಅಂದರೆ ಅಲ್ಲಿನ ಕಾರ್ಟೂನು, ನೋಡುವುದನ್ನೇ. "ಅತ್ತೆ, ನಿನಗೆ ದೆವ್ವ ಪಿಶಾಚಿ ಕಥೆ ಇಷ್ಟ ಅಲ್ವಾ? ಇದನ್ನ ನೋಡು" ಅಂತ ಒಂದು ಹೆಸರು ಕಳಿಸಿದ. ಹಿಗುರಾಶಿ ನೊ ನಾಕು ಕೊರೊ ನಿ. ಅದರ ಕೆಳಗೇ ಇನ್ನೊಂದು ಮೆಸೇಜು: "ಡ್ರಾಯಿಂಗ್ ನೋಡ್ಬೇಡ. ಕಥೆ ನೋಡು."

ಚಿತ್ರ ನೋಡದೆ ಕಾರ್ಟೂನ್ ನೋಡುವುದು ಹೇಗೆ? ಉಪ್ಪಿನಕಾಯಿ ತಿನ್ನು, ಉಪ್ಪು ಮುಟ್ಟಬೇಡ ಅಂದ ಹಾಗಾಯಿತು. ಆದರೂ ಕೂತೆ.

ಅವನು ಹಾಗೆ ಹೇಳಿದ್ದು ಯಾಕೆ ಅಂತ ಮೊದಲ ಕಂತಿನಲ್ಲೇ ಗೊತ್ತಾಯಿತು. ಮಕ್ಕಳ ತಲೆ ಕುಂಬಳಕಾಯಿ, ಕುತ್ತಿಗೆ ಅದರ ತೊಟ್ಟು. ಹತ್ತಿರ ಬಂದಾಗ ಕಣ್ಣು ಊಟದ ತಟ್ಟೆಯಷ್ಟು. ನಾಲ್ಕು ಹೆಜ್ಜೆ ದೂರ ಹೋದರೆ ಅದೇ ಮುಖದಲ್ಲಿ ಎರಡು ಚುಕ್ಕೆ, ಒಂದು ಗೆರೆ. ಮಾತಾಡುವಾಗ ಬಾಯಿ ಮಾತ್ರ ಪಟಪಟ ಅನ್ನುತ್ತದೆ, ಕೆನ್ನೆಗೆ ಅದರ ಸುದ್ದಿಯೇ ಇಲ್ಲ. ಒಂದು ದೃಶ್ಯದಲ್ಲಿ ದುಂಡಗಿದ್ದ ಗಲ್ಲ ಮುಂದಿನದರಲ್ಲಿ ಚೂಪಾಗಿರುತ್ತದೆ. ಯಾರಾದರೂ ನಡೆದರೆ ಸೊಂಟದ ಮೇಲಷ್ಟೇ ತೋರಿಸಿ ಮುಗಿಸುತ್ತಾರೆ. ಕಾಲು ಬರೆಯುವ ಖರ್ಚು ಉಳಿಯಿತಲ್ಲ! ನನ್ನ ಗಾಂಧೀಜಿಯ ಶಾಲು ನೆನಪಾಗಿದ್ದು ಆಗ.

ಇದು 2006ರಲ್ಲಿ ಬಂದ ಸರಣಿ. ಮಾಡಿದ್ದು ಸ್ಟುಡಿಯೋ ಡೀನ್, ನಿರ್ದೇಶಕಿ ಚಿಯಾಕಿ ಕೋನ್, ಒಟ್ಟು 26 ಕಂತು. ಜಪಾನಿನ ಟೀವಿ ಕಾರ್ಟೂನಿಗೆ ಜಿಪುಣತನ ಹುಟ್ಟಿನಿಂದಲೇ ಬಂದದ್ದು. ಪರದೆಯ ಮೇಲೆ ಸೆಕೆಂಡಿಗೆ 24 ಫ್ರೇಮು ಓಡುತ್ತವೆ. ಪ್ರತಿ ಫ್ರೇಮಿಗೂ ಹೊಸ ಚಿತ್ರ ಬರೆಯುತ್ತೇನೆ ಅಂತ ಹೊರಟರೆ ಮನೆ ಮಾರಬೇಕು. ಕಾಮಿಕ್ಸ್ ಕಲಾವಿದ ಒಸಾಮು ತೆಜುಕಾ 1963ರ ಜನವರಿ 1ರಂದು ಆಸ್ಟ್ರೋ ಬಾಯ್ ಅನ್ನುವ ಟೀವಿ ಕಾರ್ಟೂನ್ ಶುರು ಮಾಡಿದಾಗ ವಾರಕ್ಕೊಂದು ಕಂತು ಕೊಡಬೇಕಿತ್ತು, ಕೈಯಲ್ಲಿ ದುಡ್ಡಿರಲಿಲ್ಲ. ಒಂದು ಚಿತ್ರವನ್ನು ಮೂರು ಫ್ರೇಮಿನಷ್ಟು ಹೊತ್ತು ನಿಲ್ಲಿಸಿದರು. ಎಂಟೇ ಚಿತ್ರದಲ್ಲಿ ಸೆಕೆಂಡು ಮುಗಿಯಿತು. ಒಮ್ಮೆ ಬರೆದದ್ದನ್ನು ಎತ್ತಿಟ್ಟು ಮತ್ತೆ ಬಳಸಿದರು. ಮುಖ ಹಾಗೇ ಇಟ್ಟು ಬಾಯಿ ಮಾತ್ರ ಆಡಿಸಿದರು. ಅಲುಗದ ಚಿತ್ರದ ಮೇಲೆ ಕ್ಯಾಮೆರಾ ಸರಿಸಿದರು. ರಾತ್ರಿ ಉಳಿದ ಅನ್ನಕ್ಕೆ ಬೆಳಗ್ಗೆ ಒಗ್ಗರಣೆ ಹಾಕಿ ಚಿತ್ರಾನ್ನ ಮಾಡುವುದಿಲ್ಲವೇ, ಹಾಗೆ. ಹದವಾಗಿ ಮಾಡಿದರೆ ತಂಗಳನ್ನ ಅಂತ ಯಾರಿಗೂ ಗೊತ್ತಾಗುವುದಿಲ್ಲ. ಹಿಗುರಾಶಿಯಲ್ಲಿ ಗೊತ್ತಾಗುತ್ತದೆ.

ಆದರೆ ಒಗ್ಗರಣೆ! ಅದರ ಘಮಕ್ಕೆ ನಾನು ಎರಡು ರಾತ್ರಿ ನಿದ್ದೆಗೆಟ್ಟೆ.

ಕಥೆ ನಡೆಯುವುದು ಹಿನಾಮಿಜಾವಾ ಅನ್ನುವ ಬೆಟ್ಟದ ಹಳ್ಳಿಯಲ್ಲಿ. 1983ರ ಜೂನ್. ಪಟ್ಟಣದಿಂದ ಕೇಯಿಚಿ ಅನ್ನುವ ಹುಡುಗ ಬಂದು ಸೇರಿದ್ದಾನೆ. ಊರಿಗೊಂದೇ ಶಾಲೆ, ದೊಡ್ಡವರು ಚಿಕ್ಕವರು ಎಲ್ಲ ಒಂದೇ ಕೋಣೆಯಲ್ಲಿ. ಮಿಯೋನ್, ರೇನಾ, ಸಾತೊಕೊ, ರಿಕಾ ಅಂತ ನಾಲ್ಕು ಜನ ಗೆಳತಿಯರು. ಶಾಲೆ ಬಿಟ್ಟ ಮೇಲೆ ಇಸ್ಪೀಟು ಆಡುತ್ತಾರೆ. ಸೋತವರಿಗೆ ಏನಾದರೂ ಮಾನ ಹೋಗುವ ಶಿಕ್ಷೆ. ರೇನಾ ಕಸದ ಗುಡ್ಡೆ ಕೆದಕಿ "ಎಷ್ಟು ಮುದ್ದಾಗಿದೆ" ಅಂತ ಸಿಕ್ಕಿದ್ದನ್ನೆಲ್ಲ ಮನೆಗೆ ಹೊರುತ್ತಾಳೆ. ಸುಮ್ನೆ ನಗುತ್ತಾ ನೋಡಿಕೊಂಡು ಹೋಗಬಹುದಾದ ಮಕ್ಕಳ ಕಥೆ. ಅಷ್ಟರಲ್ಲಿ ಹುಡುಗನಿಗೆ ಒಂದು ವಿಷಯ ಗೊತ್ತಾಗುತ್ತದೆ. ಊರ ದೇವರು ಓಯಾಶಿರೊ-ಸಾಮಾ. ನಾಲ್ಕು ವರ್ಷದಿಂದ ಜಾತ್ರೆಯ ರಾತ್ರಿ ಒಬ್ಬರು ಸಾಯುತ್ತಿದ್ದಾರೆ, ಒಬ್ಬರು ಕಾಣೆಯಾಗುತ್ತಿದ್ದಾರೆ. ಅದು ಆ ದೇವರ ಶಾಪ ಅಂತ ಊರಿನ ನಂಬಿಕೆ. ಗೆಳತಿಯರನ್ನು ಕೇಳಿದರೆ ನಗುತ್ತಲೇ "ಗೊತ್ತಿಲ್ಲ" ಅನ್ನುತ್ತಾರೆ.

ಜಾತ್ರೆಯ ಹೆಸರು ವಾತಾನಾಗಾಶಿ. ಹಳೆಯ ಹಾಸಿಗೆಯ ಹತ್ತಿಯನ್ನು ಕಿತ್ತು, ಇಷ್ಟು ದಿನ ಮಲಗಿಸಿದ್ದಕ್ಕೆ ಥ್ಯಾಂಕ್ಸ್ ಹೇಳಿ, ಹೊಳೆಯಲ್ಲಿ ತೇಲಿಬಿಡುವುದು. ಎಷ್ಟು ಚಂದದ ಹಬ್ಬ, ಅಲ್ವಾ? ಜಪಾನಿನ ಭಾಷೆಯಲ್ಲಿ ವಾತಾ ಅಂದರೆ ಹತ್ತಿ. ಹೊಟ್ಟೆಯೊಳಗಿನ ಕರುಳಿಗೂ ವಾತಾ ಅನ್ನುತ್ತಾರೆ. ಅಲ್ಲಿಂದ ಮುಂದೆ ನಾನು ಮನೆಯ ದೀಪ ಆರಿಸಲಿಲ್ಲ.

ಹಿನಾಮಿಜಾವಾ ಕಾಲ್ಪನಿಕ ಊರು. ಆದರೆ ಅದಕ್ಕೆ ಮಾದರಿಯಾದ ಊರು ನಿಜವಾಗಿ ಇದೆ. ಗಿಫು ಪ್ರಾಂತ್ಯದ ಶಿರಾಕಾವಾ-ಗೋ. ಯುನೆಸ್ಕೋ 1995ರಲ್ಲಿ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಹಿಮ ಜಾರಿ ಬೀಳಲಿ ಅಂತ ಕಡಿದಾಗಿ ಕಟ್ಟಿದ ಹುಲ್ಲಿನ ಮಾಡು. ಆ ಮನೆಗಳಿಗೆ ಗಾಶ್ಶೋ-ಜುಕುರಿ ಅಂತ ಹೆಸರು. ಗಾಶ್ಶೋ ಅಂದರೆ ಮುಗಿದ ಕೈ. ಊರಿನ ಮನೆಗಳೆಲ್ಲ ಕೈ ಮುಗಿದುಕೊಂಡೇ ನಿಂತಿವೆ. ಪಾತ್ರಗಳ ಕೈ ನೋಡಿದರೆ ಮಾತ್ರ ನಾವೇ ಕೈ ಮುಗಿಯಬೇಕು.

ಕಥೆಯಲ್ಲಿ ಈ ಊರನ್ನು ಒಂದು ಅಣೆಕಟ್ಟು ಮುಳುಗಿಸಬೇಕಿತ್ತು. ಊರವರು ಜಗಳವಾಡಿ ಅದನ್ನು ನಿಲ್ಲಿಸಿದರು. ಶಾಪಕ್ಕೆ ಮೊದಲು ಬಲಿಯಾದವನು ಆ ಕಾಮಗಾರಿಯ ಮೇಲ್ವಿಚಾರಕ. ಅಣೆಕಟ್ಟು ಆಗಲಿ ಅಂದಿದ್ದ ಸಾತೊಕೊಳ ಮನೆಯವರನ್ನು ಊರು ಆಮೇಲೂ ಹತ್ತಿರ ಸೇರಿಸಲಿಲ್ಲ. ಇಷ್ಟು ಬರುವ ಹೊತ್ತಿಗೆ ನಾನು ಜಪಾನ್ ಬಿಟ್ಟು ನಮ್ಮೂರಿಗೆ ಬಂದಿದ್ದೆ. ಶಿರಾಕಾವಾದ ಪಕ್ಕದಲ್ಲೇ 1961ರಲ್ಲಿ ಮುಗಿದ ಮಿಬೋರೊ ಅಣೆಕಟ್ಟಿನ ನೀರಿನಲ್ಲಿ ನಿಜವಾಗಿಯೂ ಊರುಗಳು ಮುಳುಗಿವೆ. ನಮ್ಮ ಕಡೆ 1964ರ ಲಿಂಗನಮಕ್ಕಿ. ನನ್ನ ಅಜ್ಜಿಯ ತವರು ಶರಾವತಿ ಮುಳುಗಡೆಯಲ್ಲಿ ಹೋಯಿತು. ರಾತ್ರಿ ನಿದ್ದೆ ಬರದಿದ್ದರೆ ಅಜ್ಜಿ ಆ ಊರಿನ ಮನೆಗಳನ್ನು ಒಂದೊಂದಾಗಿ ಹೆಸರು ಹಿಡಿದು ಹೇಳುತ್ತಿದ್ದರು. ಒಂದು ಮನೆ ಬಂದಾಗ ಮಾತ್ರ ಬೇಗ ದಾಟಿಬಿಡುತ್ತಿದ್ದರು. ಯಾಕೆ ಅಂತ ನಾನು ಕೇಳಲಿಲ್ಲ.

ಇರಲಿ. ಚಿತ್ರದ ವಿಷಯಕ್ಕೆ ಬರುತ್ತೇನೆ.

ದೃಶ್ಯ ಹೀಗಿದೆ. ಕೇಯಿಚಿ, ರೇನಾ ಇಬ್ಬರೂ ಮನೆಗೆ ಹೊರಟಿದ್ದಾರೆ. ನೀವು ನನ್ನಿಂದ ಏನೋ ಮುಚ್ಚಿಡುತ್ತಿದ್ದೀರಿ ಅನ್ನುತ್ತಾನೆ ಇವನು. ನೀನೂ ಮುಚ್ಚಿಡುತ್ತಿಲ್ಲವೇ ಅಂತ ಅವಳು ಕೇಳುತ್ತಾಳೆ. ಇಲ್ಲವಲ್ಲ ಅನ್ನುತ್ತಾನೆ. "ಸುಳ್ಳು!" ಅಂತ ಒಂದೇ ಮಾತು ಕಿರುಚುತ್ತಾಳೆ. ಕಾಡೇ ಬೆಚ್ಚಿಬೀಳುತ್ತದೆ. ನಾನು ಮೊಬೈಲನ್ನು ದಿಂಬಿನ ಮೇಲೆ ಬೋರಲು ಹಾಕಿ ಹೊರಗೆ ಹೋಗಿ ಬಾಗಿಲ ಚಿಲಕ ನೋಡಿ ಬಂದೆ. ಹಾಕಿಯೇ ಇತ್ತು.

ಆಮೇಲೆ ಒಂದು ವಿಚಿತ್ರ ನಡೆಯಿತು. ಮುಂದಿನ ದೃಶ್ಯಗಳಲ್ಲಿ ರೇನಾಳ ಮುಖ ಸ್ವಲ್ಪ ಸೊಟ್ಟಗಾದರೂ ನನಗೆ ಎದೆ ಧಸಕ್ ಅನ್ನುತ್ತಿತ್ತು. ಅವಳ ಕಣ್ಣು ಈಗ ಬದಲಾಯಿತಾ? ಬಾಯಿ ಓರೆಯಾಯಿತಾ? ಬರೆದವರ ಕೈ ಜಾರಿತೋ, ಇವಳ ಮನಸ್ಸೇ ಜಾರಿತೋ? ರಿವೈಂಡ್ ಮಾಡಿ ನೋಡಿದರೂ ತೀರ್ಮಾನ ಆಗುವುದಿಲ್ಲ. ಕಥೆಯ ಒಳಗೆ ಕೇಯಿಚಿಯ ಪಾಡೂ ಅದೇ. ನಿನ್ನೆಯವರೆಗೂ ಜೊತೆಗೆ ಇಸ್ಪೀಟು ಆಡಿದವಳು ಇವಳೇನಾ ಅಂತ ದಿಟ್ಟಿಸುತ್ತಿದ್ದಾನೆ. ಅವನ ಅನುಮಾನಕ್ಕೆ ಆಧಾರ ಇದೆಯೋ, ಅಥವಾ ಅವನ ಕಣ್ಣೇ ಸರಿಯಿಲ್ಲವೋ, ಅದೇ ಇಡೀ ಕಥೆಯ ಗಂಟು. ಚಿತ್ರ ಅಚ್ಚುಕಟ್ಟಾಗಿದ್ದರೆ ನಾನು ಅವನನ್ನು ದೂರದಿಂದ ನೋಡಿ ಅಯ್ಯೋ ಪಾಪ ಅನ್ನುತ್ತಿದ್ದೆ. ಕೆಟ್ಟ ಚಿತ್ರ ನನ್ನನ್ನೂ ಅವನ ಪಕ್ಕದಲ್ಲೇ ಕೂರಿಸಿ ಅದೇ ರೋಗ ಅಂಟಿಸಿತು.

ಗೆಳತಿಯರು ಅವನಿಗೆ ಓಹಗಿ ಅನ್ನುವ ತಿಂಡಿ ತರುತ್ತಾರೆ. ನಮ್ಮ ಹೋಳಿಗೆಯಲ್ಲಿ ಹೂರಣ ಒಳಗಿರುತ್ತದೆ. ಇದರಲ್ಲಿ ಅನ್ನದುಂಡೆ ಒಳಗೆ, ಕೆಂಪು ಕಾಳಿನ ಹೂರಣ ಹೊರಗೆ. ಅವನಿಗೆ ತಂದದ್ದರ ಒಳಗೆ ಇನ್ನೇನಿತ್ತು ಅಂತ ನಾನು ಹೇಳುವುದಿಲ್ಲ. ಹೇಳಿದರೆ ಅಣ್ಣನ ಮಗ ಮಾತು ಬಿಡುತ್ತಾನೆ.

ಇದನ್ನೆಲ್ಲ ಬೇಕಂತಲೇ ಮಾಡಿದರು ಅಂತ ನಾನು ವಾದಿಸುತ್ತಿಲ್ಲ. ಅಷ್ಟು ದೊಡ್ಡ ಸುಳ್ಳು ಹೇಳಿದರೆ ರೇನಾ ಬರುತ್ತಾಳೆ. ಕೆಲವು ಕಡೆ ಚಿತ್ರ ಬರೀ ಕೆಟ್ಟದಾಗಿದೆ, ಅಷ್ಟೆ. ಕೊಲೆ ನಡೆಯುವಾಗ ಬಾಯಿ ಕಿವಿಯವರೆಗೆ ಹರಿದು ನಕ್ಕವರನ್ನು ನೋಡಿ ನಾನೂ ನಕ್ಕುಬಿಟ್ಟೆ. ಇನ್ನೊಂದು ತೊಂದರೆ ಜಾಸ್ತಿ ದೊಡ್ಡದು. ಈ ಸರಣಿ ಒಂದೇ ಜೂನನ್ನು ಮತ್ತೆ ಮತ್ತೆ ಮೊದಲಿನಿಂದ ಹೇಳುತ್ತದೆ. ಮೊದಲಿನ ಕಥೆಗಳೆಲ್ಲ ಒಗಟು, ಕೊನೆಯ ಎರಡು ಒಗಟು ಬಿಡಿಸುವವು. ಬಿಡಿಸುವಾಗ ಹೆದರಿಕೆಗಿಂತ ದುಃಖ ಜಾಸ್ತಿ. ತಪ್ಪು ಮಾಡಿದವರು ಅಳುತ್ತಾರೆ, ಕ್ಷಮೆ ಕೇಳುತ್ತಾರೆ. ಹೆದರಿಸಲು ಸೊಟ್ಟ ಮುಖ ನಡೆಯುತ್ತದೆ, ಅಳಿಸಲು ನಡೆಯುವುದಿಲ್ಲ. ಕಣ್ಣೀರು ಕೆನ್ನೆಯ ಮೇಲೆ ಅಂಟಿಸಿದ ಗಾಜಿನ ಗುಂಡಿನ ಹಾಗೆ ಕಂಡರೆ ನಮಗೆ ಅಳು ಬರುವುದು ಹೇಗೆ? ಅಲ್ಲಿ ಇಡೀ ಭಾರ ಹೊತ್ತದ್ದು ದನಿ. ರೇನಾಗೆ ಮಾಯಿ ನಾಕಾಹಾರಾ, ಕೇಯಿಚಿಗೆ ಸೋಯಿಚಿರೊ ಹೋಶಿ. ಮೊದಲ ಸರಣಿಯ ಕೊನೆಯಲ್ಲಿ ಶಾಲೆಯ ಛಾವಣಿಯ ಮೇಲೆ ಇವರಿಬ್ಬರು ಎದುರಾಗುತ್ತಾರೆ. ನಾನು ಅದನ್ನು ಎರಡನೇ ಸಲ ಕಣ್ಣು ಮುಚ್ಚಿಕೊಂಡು ಕೇಳಿದೆ. ಆಗ ಅಳು ಬಂತು. ಸಂಗೀತ ಕೆಂಜಿ ಕವಾಯಿ ಅವರದು. ಯಾವಾಗ ಸುಮ್ಮನಿರಬೇಕು ಅಂತ ಗೊತ್ತಿರುವವರು.

ಸದ್ದಿನ ವಿಷಯಕ್ಕೆ ಹೆಸರಿನಲ್ಲೇ ಉತ್ತರ ಇದೆ. ಹಿಗುರಾಶಿ ಒಂದು ಜಾತಿಯ ಜೀರುಂಡೆ. ಮುಂಜಾನೆ, ಮುಸ್ಸಂಜೆ ಕೂಗುತ್ತದೆ. ಜಪಾನಿನವರ ಕಿವಿಗೆ ಅದು ಕಾನಾಕಾನಾಕಾನಾ. ಹಿಗುರಾಶಿಗಳು ಕೂಗುವ ಹೊತ್ತು ಅಂತಲೇ ಸರಣಿಯ ಹೆಸರು. ಈ ಕೂಗು ಅಷ್ಟು ದೃಶ್ಯಗಳಲ್ಲಿ ಹಿಂದೆ ಇರುತ್ತದೆ ಅಂದರೆ, ಅದು ನಿಂತಾಗಲೇ ಇಷ್ಟು ಹೊತ್ತು ಇತ್ತಲ್ಲ ಅಂತ ಗೊತ್ತಾಗುವುದು. ಮಲೆನಾಡಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮಳೆ ಹಿಡಿಯುವ ಮುಂಚೆ ಸಂಜೆ ಜೀರ್ ಅನ್ನುವ ಕಾಡು ಫಕ್ಕನೆ ಬಾಯಿ ಮುಚ್ಚಿದರೆ, ಅಂಗಳದಲ್ಲಿರುವವರು ಕೈಯಲ್ಲಿದ್ದ ಕೆಲಸ ನಿಲ್ಲಿಸಿ ತಲೆ ಎತ್ತುತ್ತಾರೆ.

ಕೈಯ ಕಥೆ ಮುಗಿದಿಲ್ಲ. ಹಿಗುರಾಶಿ ಮೊದಲು ಅನಿಮೆ ಅಲ್ಲ, ಕಂಪ್ಯೂಟರಿನಲ್ಲಿ ಓದುವ ಕಥೆ. ಸಂಗೀತ ಇದೆ, ಸದ್ದು ಇದೆ, ಚಿತ್ರ ಇದೆ, ಆಡುವವರಿಗೆ ಮಾಡಲು ಕೆಲಸ ಮಾತ್ರ ಇಲ್ಲ, ಪುಟ ತಿರುಗಿಸಬೇಕು ಅಷ್ಟೆ. ಬರೆದವರು ರ್ಯೂಕಿಶಿ07 ಅನ್ನುವ ಹೆಸರಿನವರು. ಮೊದಲು ಸರ್ಕಾರಿ ನೌಕರಿಯಲ್ಲಿದ್ದರು. ಟೋಕಿಯೋದ ಕಾಮಿಕೆಟ್ ಅನ್ನುವ ಸಂತೆಯಲ್ಲಿ, ತಾವೇ ಮಾಡಿದ್ದನ್ನು ತಾವೇ ಮಾರುವವರ ನಡುವೆ ಕೂತು, 2002ರ ಆಗಸ್ಟಿನಲ್ಲಿ ಮೊದಲ ಭಾಗ ಮಾರಿದರು. ನಾಲ್ಕು ವರ್ಷದಲ್ಲಿ ಎಂಟು ಭಾಗ. ಊರಿನ ದೃಶ್ಯಗಳಿಗೆ ಶಿರಾಕಾವಾದ ಫೋಟೋ ಹಾಕಿದರು. ಮನುಷ್ಯರನ್ನು ಮಾತ್ರ ತಾವೇ ಬರೆದರು. ಅಣ್ಣನ ಮಗ ಆ ಚಿತ್ರಗಳನ್ನು ಕಳಿಸಿದ. ದೊಡ್ಡದು ಮಾಡಿ ನೋಡಿದೆ. ಬೆರಳೆಲ್ಲ ಅಂಟಿಕೊಂಡು ಚಳಿಗಾಲದ ಉಣ್ಣೆ ಕೈಗವಸು ಹಾಕಿದ ಹಾಗಿದೆ. ಕೈ ಅಂದರೆ ಒಂದು ಕಡುಬು, ಹೆಬ್ಬೆರಳು ಅಂದರೆ ಇನ್ನೊಂದು ಚಿಕ್ಕ ಕಡುಬು.

ನನಗೆ ಎಷ್ಟು ಸಮಾಧಾನ ಆಯಿತು ಅಂದರೆ, ಹೇಳಲಾರೆ. ಇವರಿಗೂ ಕೈ ಬರುವುದಿಲ್ಲ! ಆದರೆ ಇವರು ನನ್ನ ಹಾಗೆ ಶಾಲು ಹೊದಿಸಲಿಲ್ಲ. ಬಂದ ಹಾಗೆ ಬರೆದು, ಮುಂದಿನ ಪುಟಕ್ಕೆ ಹೋದರು.

2020ರಲ್ಲಿ ಇದೇ ಊರಿನ ಕಥೆಯನ್ನು ಮತ್ತೆ ತಂದರು. ಹೆಸರು ಹಿಗುರಾಶಿ ಗೋ, ಮಾಡಿದ್ದು ಪ್ಯಾಶೋನೆ ಅನ್ನುವ ಬೇರೆ ಸ್ಟುಡಿಯೋ. ಕೂದಲಿಗೆ ಹೊಳಪು, ಬೆರಳು ಐದಕ್ಕೆ ಐದು, ಬೆಳಕು ಎಲೆಗಳ ಸಂದಿಯಿಂದ ಸೋಸಿಕೊಂಡು ಬರುತ್ತದೆ. ಮೂರು ಕಂತು ನೋಡಿದೆ. ಇಲ್ಲಿ ಮುಖ ಬದಲಾದರೆ ಅದು ಬದಲಾಗಲಿ ಅಂತಲೇ ಬದಲಾದದ್ದು, ಅನುಮಾನಕ್ಕೆ ಜಾಗ ಇಲ್ಲ. ದೀಪ ಆರಿಸಿ ಮಲಗಿದೆ, ಒಳ್ಳೆಯ ನಿದ್ದೆ ಬಂತು.

ಇದನ್ನು ಹೇಳೋಣ ಅಂತ ಮೊನ್ನೆ ಸಂಜೆ ಅಣ್ಣನ ಮಗನಿಗೆ ವಿಡಿಯೋ ಕಾಲ್ ಮಾಡಿದೆ. ನಮ್ಮೂರಿನಲ್ಲಿ ನೆಟ್‌ವರ್ಕು ಸಿಗುವುದು ಕೊಟ್ಟಿಗೆಯ ಮೂಲೆಯಲ್ಲಿ ಮಾತ್ರ. ಅಲ್ಲೂ ಅರೆಬರೆ. ಅವನ ಮುಖ ಎರಡು ಸಲ ಕದಲಿ ನಿಂತುಬಿಟ್ಟಿತು. ಒಂದು ಕಣ್ಣು ಪೂರ್ತಿ, ಒಂದು ಅರ್ಧ. ಬಾಯಿ ಒಂದು ಕಡೆಗೆ ಎಳೆದು ನಕ್ಕ ಹಾಗಿದೆ. ಮಾತು ಮಾತ್ರ ಬರುತ್ತಿದೆ.

"ಪರೀಕ್ಷೆ ಹೇಗಾಯ್ತೋ?" ಅಂದೆ.

ಬಾಯಿ ಅಲುಗಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ದನಿ ಬಂತು. "ಚೆನ್ನಾಗೇ ಆಯ್ತು ಅತ್ತೆ."

"ಸುಳ್ಳು!" ಅಂದೆ, ಎಷ್ಟು ಜೋರಾಗಿ ಅಂದರೆ ಕೊಟ್ಟಿಗೆಯ ಹಸು ಎದ್ದು ನಿಂತಿತು.

ಅತ್ತ ಕಡೆಯಿಂದ ಸದ್ದಿಲ್ಲ. ಮುಖ ನಗುತ್ತಲೇ ಇತ್ತು.