ಸ್ಪಷ್ಟನೆ: ಪೋರ್ಷೆ 911ರ ಎಂಜಿನ್ ಹಿಂಬದಿಯಲ್ಲೇ ಇದೆ

ಹೈಬ್ರಿಡ್ (ಪೆಟ್ರೋಲ್ ಎಂಜಿನ್ ಜೊತೆ ವಿದ್ಯುತ್ ಮೋಟಾರೂ ಇರುವ ಕಾರು) ಆಗುವ ಭರದಲ್ಲಿ ಪೋರ್ಷೆ 911 ತನ್ನ ಹಿಂಬದಿಯ ಎಂಜಿನ್ ಕೈಬಿಟ್ಟು ಅದನ್ನು ಕಾರಿನ ನಡುಭಾಗಕ್ಕೆ ತಂದಿದೆ ಎಂಬ ಸಂದೇಶವೊಂದು ಬೆಂಗಳೂರಿನ ಕಾರುಪ್ರಿಯರ ನಡುವೆ ವಾಟ್ಸ್ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಇದು ನಿಜವಲ್ಲ.

2024ರಲ್ಲಿ ಬಂದ ಹೈಬ್ರಿಡ್ ಮಾದರಿ 911 ಕರೇರಾ ಜಿಟಿಎಸ್‌ನಲ್ಲಿಯೂ ಇರುವುದು ಎರಡೂ ಬದಿಗೆ ಮೂರು ಮೂರು ಸಿಲಿಂಡರ್‌ಗಳು ಮಲಗಿದಂತಿರುವ, 3.6 ಲೀಟರಿನ ಬಾಕ್ಸರ್ ಎಂಜಿನ್ನೇ. ಅದರ ಸ್ಥಾನವೂ ಮೊದಲಿನಂತೆ ಹಿಂದಿನ ಚಕ್ರಗಳ ಆ್ಯಕ್ಸಲ್‌ನ ಹಿಂದೆಯೇ. ವಿದ್ಯುತ್ ಮೋಟಾರನ್ನು ಗೇರ್‌ಬಾಕ್ಸ್‌ನೊಳಗೆ ಕೂರಿಸಲಾಗಿದೆ. ಎ.ಸಿ. ಕಂಪ್ರೆಸರ್ ಈಗ ವಿದ್ಯುತ್ತಿನಿಂದಲೇ ನಡೆಯುವ ಕಾರಣ ಬೆಲ್ಟಿನ ಅಗತ್ಯವಿಲ್ಲದೆ ಎಂಜಿನ್‌ನ ಎತ್ತರ 110 ಮಿ.ಮೀ. ತಗ್ಗಿದ್ದು, ಹಾಗೆ ಉಳಿದ ಜಾಗದಲ್ಲಿ ಬ್ಯಾಟರಿಯ ವಿದ್ಯುತ್ತನ್ನು ಮೋಟಾರಿಗೆ ತಕ್ಕಂತೆ ಬದಲಿಸುವ ಇನ್ವರ್ಟರ್ ಕುಳಿತಿದೆ. ಹಳೆಯ ವಿನ್ಯಾಸವನ್ನು ಉಳಿಸಿಕೊಳ್ಳಲು ಎಂಜಿನಿಯರುಗಳು ಪಟ್ಟ ಈ ಶ್ರಮ ನಿಜಕ್ಕೂ ಮೆಚ್ಚುವಂಥದ್ದು. ಬ್ಯಾಟರಿ ಕೇವಲ 1.9 ಕಿಲೋವ್ಯಾಟ್ ಅವರ್‌ನದು. ಅದನ್ನು ಪ್ಲಗ್ ಹಾಕಿ ಚಾರ್ಜ್ ಮಾಡುವ ಪ್ರಶ್ನೆಯೇ ಇಲ್ಲ.

ಗೊಂದಲಕ್ಕೆ ಬಹುಶಃ 2017ರ 911 ಆರ್‌ಎಸ್‌ಆರ್ ಕಾರಣವಿರಬಹುದು. ಹಿಂಬದಿಯಲ್ಲಿ, ಕಾರಿನ ಅಡಿಯ ಗಾಳಿಯ ಹರಿವನ್ನು ಹದಗೊಳಿಸಿ ಹಿಡಿತ ಹೆಚ್ಚಿಸುವ ದೊಡ್ಡ ಡಿಫ್ಯೂಸರ್‌ಗೆ ಜಾಗ ಮಾಡಲು ಅದರಲ್ಲಿ ಎಂಜಿನನ್ನು ಆ್ಯಕ್ಸಲ್‌ನ ಮುಂದಕ್ಕೆ ತಂದದ್ದು ಹೌದು. ಆದರೆ ಅದು ರೇಸ್ ಪಥಕ್ಕಷ್ಟೇ ಮೀಸಲಾದ ಕಾರು, ರಸ್ತೆಗಿಳಿಯುವ ಮಾದರಿಯಲ್ಲ.

ಬದಲಾವಣೆಯೇ ಆಗಿಲ್ಲವೆಂದು ಇದರರ್ಥವಲ್ಲ. 1963ರಿಂದ ಗಾಳಿಯಿಂದ ತಣಿಯುತ್ತಿದ್ದ ಎಂಜಿನ್, 1997ರ ಹೊಸ ಪೀಳಿಗೆಯಲ್ಲಿ ನೀರಿನಿಂದ ತಣಿಯುವ ಎಂಜಿನ್‌ಗೆ ದಾರಿ ಬಿಟ್ಟುಕೊಟ್ಟಿತು. ಅಂಥ ಬದಲಾವಣೆಯನ್ನು ಒಪ್ಪಬಹುದು. ಆದರೆ ಹಿಂದಿನ ಚಕ್ರಗಳ ಮೇಲೆ ಭಾರ ಹೇರಿ ಹಿಡಿತ ಕೊಡುವ ಎಂಜಿನ್‌ನ ಸ್ಥಾನವನ್ನೇ ಬದಲಿಸಿದರೆ ಅದು ಬೇರೆಯೇ ಕಾರಾಗುತ್ತದೆ ಎಂಬುದು ನನ್ನ ದೃಢ ಅಭಿಪ್ರಾಯ. ಸಂದೇಶವನ್ನು ಹಂಚಿಕೊಂಡವರು ದಯವಿಟ್ಟು ಈ ವಿವರವನ್ನೂ ಅದೇ ಬಳಗಗಳಿಗೆ ತಲುಪಿಸಬೇಕು.